ಒಂದೇ ಅಡುಗೆಮನೆಯ ಮೂರು ಫೋಟೊ

ಭೂತಗನ್ನಡಿ ಎಂಬ ಅಡ್ಡಹೆಸರು ಅವಳಿಗೆ ಬಿದ್ದದ್ದು ಒಂದು ಪತ್ರಿಕೆಯ ಜಾಹೀರಾತು ಕೌಂಟರಿನಲ್ಲಿ. ಗಾಜಿನ ಗೋಡೆಗೆ ಮುಷ್ಟಿಯಗಲದ ತೂತು. ಆಚೆಗೆ ಜನರ ಸಾಲು, ಈಚೆಗೆ ಇವಳು. ಮನೆ ಮಾರುವವರು, ಅಂಗಡಿ ಬಾಡಿಗೆಗೆ ಕೊಡುವವರು, ಹಳೇ ಕಾರನ್ನು ಯಾರದಾದರೂ ಕೊರಳಿಗೆ ಕಟ್ಟಬೇಕೆಂದಿರುವವರು, ಕಳೆದುಹೋದ ನಾಯಿಗೆ ಬಹುಮಾನ ಸಾರುವವರು, ಎಲ್ಲರೂ ಆ ತೂತಿಗೆ ಬಾಯಿಟ್ಟು ತಮ್ಮ ನಾಲ್ಕು ಸಾಲು ಒಪ್ಪಿಸುತ್ತಿದ್ದರು. ಇವಳು ಪದ ಎಣಿಸಿ, ಕಾಗುಣಿತ ತಿದ್ದಿ, ರಸೀದಿ ಹರಿದು ಕೊಡಬೇಕು. ಕೆಲಸ ಅಷ್ಟೇ. ಆದರೆ ಹನ್ನೊಂದು ವರ್ಷ ಹಾಗೆ ಕೂತವಳಿಗೆ ಸಾಲುಗಳ ಹಿಂದಿರುವುದನ್ನು ಓದುವ ಚಟ ಹತ್ತಿಬಿಟ್ಟಿತು. ‘ಶಾಂತ ಪರಿಸರ’ ಅಂದರೆ ಆ ಕಡೆ ಬಸ್ಸು ಹೋಗುವುದಿಲ್ಲ. ‘ಗಾಳಿ ಬೆಳಕು ಧಾರಾಳ’ ಅಂದರೆ ಕಿಟಕಿಗೆ ಬಾಗಿಲಿಲ್ಲ. ‘ಒಬ್ಬರೇ ಮಾಲೀಕರು ಬಳಸಿದ ಕಾರು’ ಅಂದರೆ ಆ ಮಾಲೀಕರು ಅದನ್ನು ಎಲ್ಲಿಗೆ ಗುದ್ದಿದರು ಎಂದು ಕೇಳಬೇಕು. ಇವಳು ಕೇಳುತ್ತಲೂ ಇದ್ದಳು. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು, ಸಹೋದ್ಯೋಗಿಗಳು ನಗುತ್ತಿದ್ದರು, ಮ್ಯಾನೇಜರು ತಲೆ ಚಚ್ಚಿಕೊಳ್ಳುತ್ತಿದ್ದ.

ಆ ತೂತಿಗೆ ಒಂದು ದಿನ ದಪ್ಪ ಕನ್ನಡಕದ, ಬಿಳಿ ಅಂಗಿಯ ತೋಳು ಮಡಿಚಿದ ಗಂಡಸೊಬ್ಬರು ಚೀಟಿ ತೂರಿಸಿದರು. ಹಿಂದೆ ಬಣ್ಣದ ಅಂಗಡಿ ಇಟ್ಟಿದ್ದವರು, ಈಗ ಸಾಲ ಕೊಡುವ ವ್ಯವಹಾರಕ್ಕೆ ಇಳಿದಿದ್ದರು. ಚೀಟಿಯಲ್ಲಿ ಹೀಗಿತ್ತು: ‘ನಿಮ್ಮ ಹಣಕ್ಕೆ ತಿಂಗಳು ತಿಂಗಳು ಖಚಿತ ಆದಾಯ.’

ಇವಳು ಪೆನ್ನು ತೆಗೆದು ‘ಖಚಿತ’ ಎಂಬುದಕ್ಕೆ ಗೀಟು ಎಳೆದಳು.

“ಯಾಕಮ್ಮ?”

“ಖಚಿತ ಆಗಿದ್ರೆ ಜಾಹೀರಾತು ಯಾಕೆ ಕೊಡ್ತೀರಾ ಸಾರ್? ನಿಮ್ಮ ಅಣ್ಣತಮ್ಮಂದಿರೇ ಬಂದು ಕದ ತಟ್ತಿದ್ರು.”

ಅವರು ಗಾಜು ಅದುರುವಂತೆ ನಕ್ಕರು. ಮುಂದಿನ ವಾರ ಜಾಹೀರಾತು ಕೊಡಲು ಬರಲಿಲ್ಲ, ಇವಳಿಗೆ ಕೆಲಸ ಕೊಡಲು ಬಂದರು. ಇವಳು ಮೂರು ದಿನ ಉತ್ತರ ಹೇಳದೆ ಅವರ ಬಗ್ಗೆ ವಿಚಾರಿಸಿದಳು. ಹಳೇ ಬಣ್ಣದ ಅಂಗಡಿಯ ಅಕ್ಕಪಕ್ಕದವರನ್ನೂ, ಅವರಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರನ್ನೂ ಕೇಳಿದಳು. ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅದೇ ಅವಳಿಗೆ ಸ್ವಲ್ಪ ಅನುಮಾನ ತಂದಿತು. ಆದರೂ ಹೋಗಿ ಸೇರಿಕೊಂಡಳು.

ವ್ಯವಹಾರ ಇಷ್ಟು. ಹಳೇ ಮನೆ ಕೊಂಡು ರಿಪೇರಿ ಮಾಡಿ ಮಾರುವವರಿಗೆ, ಸಣ್ಣಪುಟ್ಟ ಕಟ್ಟಡ ಕಟ್ಟುವವರಿಗೆ ದುಡ್ಡು ಬೇಗ ಬೇಕು. ಬ್ಯಾಂಕು ಮೂರು ತಿಂಗಳು ಓಡಾಡಿಸುತ್ತದೆ. ಇವರು ಹತ್ತೇ ದಿನದಲ್ಲಿ ಕೊಡುತ್ತಾರೆ, ಮನೆಯ ಪತ್ರ ಅಡವಿಟ್ಟುಕೊಂಡು, ಬಡ್ಡಿ ತುಸು ಜಾಸ್ತಿ ಹಾಕಿ. ಹಾಗೆ ಕೊಡುವ ದುಡ್ಡು ಇವರದ್ದಲ್ಲ, ಊರಿನವರದ್ದು: ನಿವೃತ್ತರದು, ಅಂಗಡಿಯವರದು, ಹಲ್ಲಿನ ಡಾಕ್ಟರದು. ಆ ಊರಿನವರನ್ನು ಕರೆತರುವುದು ಇವಳ ಕೆಲಸ. ಕಾರ್ಡಿನ ಮೇಲೆ ‘ಮಾರ್ಕೆಟಿಂಗ್’ ಎಂದು ಅಚ್ಚಾಗಿತ್ತು. ಮಾರ್ಕೆಟಿಂಗ್ ವಿಭಾಗ ಎಂದರೆ ಒಬ್ಬಳು ಇವಳು, ಮತ್ತೆ ಒಂದು ಕಾಲು ಕುಂಟುವ ಮೇಜು. ಕೆಳಗೆ ಟೈಲರ್ ಅಂಗಡಿ, ಮೇಲೆ ಎರಡು ಕೋಣೆಯ ಕಚೇರಿ. ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಜು ಕಟಕಟ ಅನ್ನುತ್ತಿತ್ತು.

ಮಾಲೀಕರು ಮೊದಲ ದಿನವೇ ಒಂದು ಚಿತ್ರ ತೋರಿಸಿದರು: ಹಸಿರು ಹುಲ್ಲು, ಹೊಸ ಮನೆ, ಬೀಗದ ಕೈ ಹಿಡಿದು ಹಲ್ಲು ಕಿರಿಯುವ ಗಂಡ ಹೆಂಡತಿ. “ಇದನ್ನ ಕರಪತ್ರದ ಮೇಲೆ ಹಾಕೋಣ.”

“ಇವರು ಯಾರು?”

“ಯಾರೋ. ಫೋಟೊ ಸಿಗುತ್ತೆ, ದುಡ್ಡು ಕೊಟ್ರೆ.”

“ಹಾಗಾದ್ರೆ ಬೇಡ. ಯಾರೋ ಅಂತ ಗೊತ್ತಿಲ್ಲದವರನ್ನ ನಂಬಿ ಯಾರು ದುಡ್ಡು ಹಾಕ್ತಾರೆ?”

ಅವಳು ಮಾಡಿದ ಕರಪತ್ರದ ಮೊದಲ ಪುಟದಲ್ಲಿ ಚಿತ್ರವೇ ಇರಲಿಲ್ಲ. ‘ಈ ದುಡ್ಡು ಹೇಗೆಲ್ಲ ಮುಳುಗಬಹುದು’ ಎಂಬ ತಲೆಬರಹ, ಕೆಳಗೆ ಆರು ದಾರಿಗಳು. ಕಟ್ಟುವವನು ಅರ್ಧಕ್ಕೆ ಕೈಬಿಡಬಹುದು, ಮನೆಯ ಬೆಲೆ ಇಳಿಯಬಹುದು, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಹುದು, ಹೀಗೆ. ಎರಡನೇ ಪುಟದಲ್ಲಿ, ಅದು ಆಗದಂತೆ ಇವರು ಏನೇನು ನೋಡಿಕೊಳ್ಳುತ್ತಾರೆ ಎಂಬುದು. ಮಾಲೀಕರು ಅದನ್ನು ಓದಿ ಬೆವರೊರೆಸಿಕೊಂಡರು. “ಅಂಗಡಿ ತೆಗೆಯೋ ಮುಂಚೆನೇ ಬಾಗಿಲು ಹಾಕಿಸ್ತೀರಲ್ಲಮ್ಮ” ಅಂದರು. ಕೊನೆಗೆ ಐನೂರು ಪ್ರತಿ ಅಚ್ಚಾಯಿತು. ಮೊದಲು ಮೆಟ್ಟಿಲು ಹತ್ತಿ ಬಂದವರು ಕೆಳಗಿನ ಟೈಲರೇ. ಬಾಯಲ್ಲಿದ್ದ ಸೂಜಿ ತೆಗೆದು ಹೇಳಿದರು: “ಲಾಭದ ಮಾತು ಹೇಳೋಕೆ ದಿನಾ ಹತ್ತು ಜನ ಬರ್ತಾರೆ. ಮುಳುಗುತ್ತೆ ಅಂತ ಹೇಳಿದವರು ನೀವೇ ಮೊದಲು. ಎಷ್ಟು ಹಾಕ್ಬೇಕು?”

ಅದೇ ಅವಳ ದಾರಿಯಾಯಿತು. ಮೂರು ತಿಂಗಳಿಗೊಂದು ನಾಲ್ಕು ಪುಟದ ಪತ್ರ. ಯಾವ ಮನೆಗೆ ಸಾಲ ಹೋಗಿದೆ, ಕೆಲಸ ಎಲ್ಲಿಗೆ ಬಂದಿದೆ, ಯಾರು ಕಂತು ತಡಮಾಡಿದರು, ಎಲ್ಲ ಅದರಲ್ಲಿ. ಫೋಟೊಗಳನ್ನು ಅವಳೇ ಹೋಗಿ ತೆಗೆಯುತ್ತಿದ್ದಳು. ಸಿಮೆಂಟು ಮೆತ್ತಿದ ಚಪ್ಪಲಿಯಲ್ಲಿ ಏಣಿ ಹತ್ತುತ್ತಿದ್ದಳು, ಮೇಸ್ತ್ರಿಯ ಹತ್ತಿರ ಜಗಳ ಕಾಯುತ್ತಿದ್ದಳು, ಗೋಡೆಗೆ ಬೆರಳು ಒತ್ತಿ ಹಸಿಯೋ ಒಣವೋ ನೋಡುತ್ತಿದ್ದಳು. ಪತ್ರದ ಕೊನೆಗೆ ಅವಳದೇ ರುಜು. ಒಂಬತ್ತು ವರ್ಷದಲ್ಲಿ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ ಬಿಟ್ಟು, ಮುಖ್ಯ ರಸ್ತೆಯ ಕಟ್ಟಡದ ಒಂದಿಡೀ ಮಹಡಿಗೆ ಬಂದರು. ದುಡ್ಡು ಹಾಕಿದವರು ಮುನ್ನೂರು ದಾಟಿದರು. ಅವರಲ್ಲಿ ಅವಳ ಸ್ವಂತ ಅಕ್ಕನೂ ಒಬ್ಬಳು. ಅಕ್ಕ ನಿವೃತ್ತ ನರ್ಸು. ಅಮ್ಮ ಹೋದ ಮೇಲೆ ಇವಳ ತಲೆ ಬಾಚಿ ಶಾಲೆಗೆ ಕಳಿಸಿದವಳು. ನಿವೃತ್ತಿಯ ಗಂಟನ್ನು ತಂಗಿಯ ಮಾತಿನ ಮೇಲೆ ಇಲ್ಲಿಟ್ಟಿದ್ದಳು.

ಸಾಲಗಳು ನಲವತ್ತು ದಾಟಿದಾಗ ಎಲ್ಲ ಕಟ್ಟಡಗಳಿಗೂ ಇವಳೊಬ್ಬಳೇ ಹೋಗಿಬರಲು ಆಗಲಿಲ್ಲ. ಮಾಲೀಕರು ತಪಾಸಣೆಗೆಂದೇ ಒಬ್ಬನನ್ನು ನೇಮಿಸಿದರು. ಅವನು ಎಲ್ಲರನ್ನೂ ಅಕ್ಕ, ಅಣ್ಣ ಅನ್ನುವವನು. ಎಲ್ಲರ ಆರೋಗ್ಯ ವಿಚಾರಿಸುವವನು. ಕಚೇರಿಯವರು ಅವನಿಗೆ ಸಕ್ಕರೆ ಎಂದು ಹೆಸರಿಟ್ಟರು. ಫೋಟೊಗಳು ಈಗ ಅವನ ಫೋನಿನಿಂದ ಇವಳ ಕಂಪ್ಯೂಟರಿಗೆ ಬಂದು ಬೀಳತೊಡಗಿದವು. ಚಪ್ಪಲಿಗೆ ಸಿಮೆಂಟು ಮೆತ್ತುವುದು ನಿಂತಿತು. ಸುಳ್ಳೇಕೆ, ಅವಳಿಗೂ ಹಾಯೆನಿಸಿತ್ತು. ವಯಸ್ಸು ನಲವತ್ತೇಳು, ಏಣಿ ಹತ್ತುವಾಗ ಮಂಡಿ ಕಟುಕ್ಕೆನ್ನುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಆ ಸಲದ ಪತ್ರದ ಕರಡನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಗಂಡ ಎದುರಿಗೆ ಚಹಾ ಹೀರುತ್ತಿದ್ದ. ಅವನು ಲಿಫ್ಟ್ ಮೆಕ್ಯಾನಿಕ್, ಮಾತು ಕಡಿಮೆ. ಒಂದು ಫೋಟೊ ಎಳೆದುಕೊಂಡು ನೋಡಿದ. ಅಡುಗೆಮನೆ, ಅರ್ಧ ಕೂರಿಸಿದ ಟೈಲ್ಸ್, ಪಾತ್ರೆ ತೊಳೆಯುವ ತೊಟ್ಟಿಯ ಮೇಲೊಂದು ಕಿಟಕಿ.

“ಇದು ಎಷ್ಟನೇ ಮಹಡಿ?”

“ನಾಲ್ಕು. ಕೆಳಗೆ ಬರೆದಿದೆಯಲ್ಲ.”

“ನಾಲ್ಕನೇ ಮಹಡಿ ಕಿಟಕಿಯಲ್ಲಿ ಪಕ್ಕದ ಮನೆ ಕಾಂಪೌಂಡ್ ಗೋಡೆ ಕಾಣುತ್ತಾ?”

ಅವಳು ಫೋಟೊ ಕಿತ್ತುಕೊಂಡಳು. ಕಿಟಕಿಯಾಚೆ ಗೋಡೆಯ ತಲೆ, ಅದರ ಮೇಲೆ ನೆಟ್ಟ ಒಡಕು ಗಾಜು, ಹಿಂದೆ ಸೊಟ್ಟಗಾದ ಒಂದು ಹಸಿರು ನೀರಿನ ಟ್ಯಾಂಕು. ಆ ಟ್ಯಾಂಕನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಹಳೆಯ ಪತ್ರಗಳ ಕಟ್ಟು ಬಿಚ್ಚಿದಳು. ಆರು ತಿಂಗಳ ಹಿಂದಿನ ಸಂಚಿಕೆ, ಊರಿನ ಇನ್ನೊಂದು ತುದಿಯ ಇನ್ನೊಂದು ಮನೆ, ಅದೇ ಸೊಟ್ಟ ಟ್ಯಾಂಕು. ಒಂಬತ್ತು ತಿಂಗಳ ಹಿಂದಿನದರಲ್ಲಿ ಟ್ಯಾಂಕು ಇರಲಿಲ್ಲ, ಆದರೆ ತಲೆಕೆಳಗಾಗಿ ಕೂರಿಸಿದ ಹೂವಿನ ಟೈಲ್ಸು ಇತ್ತು. ಇವತ್ತಿನ ಫೋಟೊದಲ್ಲೂ ಅದೇ ಹೂವು, ಅದೇ ಮೂಲೆ, ಅದೇ ತಲೆಕೆಳಗು. ಮೂರು ಸಾಲ, ಒಂದೇ ಅಡುಗೆಮನೆ. ಎರಡರ ಕೆಳಗೆ ಇವಳ ರುಜು ಬಿದ್ದಾಗಿತ್ತು, ಮೂರನೆಯದಕ್ಕೆ ಬೀಳುವುದರಲ್ಲಿತ್ತು.

ಮಾರುವವರ ಒಂದೊಂದು ಪದಕ್ಕೂ ಮೂಗು ಮುರಿದವಳು ತನ್ನ ಪತ್ರವನ್ನೇ ಸರಿಯಾಗಿ ನೋಡಿರಲಿಲ್ಲ.

ಅದೇ ಹೊತ್ತಿಗೆ ಅಕ್ಕನ ಫೋನು. ಅವಳಿಗೊಂದು ಸೈಟು ಇತ್ತು, ಅದನ್ನು ಮಾರಿದ್ದಳು. “ನಾಳೆ ಆ ದುಡ್ಡನ್ನೂ ನಿಮ್ಮಲ್ಲೇ ಹಾಕ್ಬಿಡ್ತೀನಿ ಕಣೇ. ಯಾರ ಹತ್ರ ಬರ್ಬೇಕು?”

“ಸ್ವಲ್ಪ ದಿನ ತಡಿ ಅಕ್ಕ.”

“ಯಾಕೆ?”

“ಸುಮ್ನೆ. ತಡಿ ಅಂದ್ನಲ್ಲ.”

ಮೂವತ್ತೈದು ವರ್ಷ ರೋಗಿಗಳ ಮುಖ ನೋಡಿ ಕಾಯಿಲೆ ಹೇಳಿದವಳು ಅಕ್ಕ. “ಸರಿ” ಎಂದು ಇಟ್ಟುಬಿಟ್ಟಳು.

ಸೋಮವಾರ ಅವಳು ಮಾಲೀಕರ ಕೋಣೆಗೆ ಹೋಗಿ, ಫೋಟೊ ತೋರಿಸದೆ, ಸುಮ್ಮನೆ ಕೆಣಕಿ ನೋಡಿದಳು. “ಸಾರ್, ಈ ಸಲ ಮೂರು ನಾಲ್ಕು ಸೈಟಿಗೆ ನಾನೇ ಹೋಗಿ ಬರ್ತೀನಿ.”

“ಯಾಕೆ, ಸಕ್ಕರೆ ಇದಾನಲ್ಲ? ನಿಮಗೆ ಮಂಡಿ ನೋವು ಬೇರೆ. ಪತ್ರ ಈ ಸಲ ಬೇಗ ಹೋಗ್ಲಿ. ಶುಕ್ರವಾರದೊಳಗೆ ಅಂಚೆಗೆ ಹಾಕಿಸಿ.”

ಪತ್ರ ಬೇಗ ಹೋಗಲಿ ಎಂದು ಅವರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಇವಳ ಮಂಡಿ ನೋವು ಅವರಿಗೆ ಹೇಗೆ ಗೊತ್ತಾಯಿತು? ಮಾತಾಡುವಾಗ ಮೇಜಿನ ಕೆಳಗಿನ ಡ್ರಾಯರನ್ನು ಮಂಡಿಯಿಂದ ಮುಚ್ಚಿದರಲ್ಲ, ಅದರಲ್ಲೇನಿತ್ತು? ಹೊರಗೆ ಬಂದರೆ ಸಕ್ಕರೆ ಎದುರಾಗಿ, “ಅಕ್ಕಾ, ಯಾಕೋ ಸೊರಗಿದ್ದೀರಲ್ಲ, ಊಟ ಸರಿಯಾಗಿ ಮಾಡ್ತಿದ್ದೀರಾ?” ಅಂದ. ಅದಕ್ಕೂ ಅನುಮಾನ. ಲೆಕ್ಕ ಬರೆಯುವಾಕೆ ಫೋನು ಹಿಡಿದು ಬಾಲ್ಕನಿಗೆ ಹೋದರೆ ಅನುಮಾನ. ಕಾಗದ ಸೀಳುವ ಯಂತ್ರ ಗುರ್ರೆಂದರೆ ಅನುಮಾನ. ಸಂಜೆ ಮನೆಗೆ ಬಂದು ಗಂಡನನ್ನೂ ಬಿಡಲಿಲ್ಲ. “ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದಳು. ಅವನು ಸ್ಕ್ರೂಡ್ರೈವರು ಕೆಳಗಿಟ್ಟು, “ನನ್ನನ್ನೂ ಪಟ್ಟಿಗೆ ಸೇರಿಸ್ಕೊಂಡ್ಯಾ? ಒಳ್ಳೇದು” ಎಂದು ಮತ್ತೆ ಎತ್ತಿಕೊಂಡ.

ಮಂಗಳವಾರ ಹಲ್ಲು ನೋವೆಂದು ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ನಾಲ್ಕು ಮಹಡಿಯ ಕಟ್ಟಡದ ವಿಳಾಸಕ್ಕೆ ಹೋದಳು. ನಾಲ್ಕು ಮಹಡಿ ಇರಲಿ, ನಾಲ್ಕು ಗೋಡೆಯೂ ಇರಲಿಲ್ಲ. ಸೊಂಟದೆತ್ತರದ ಹನ್ನೆರಡು ಕಂಬ, ಕಂಬದ ತಲೆಯಿಂದ ತುಕ್ಕು ಹಿಡಿದ ಕಂಬಿಗಳು. ಕಂಬಿಯಿಂದ ಕಂಬಿಗೆ ಹಗ್ಗ ಕಟ್ಟಿ ಯಾರೋ ಬಟ್ಟೆ ಒಣಹಾಕಿದ್ದರು. ಎದುರಿಗೆ ಹೂಕುಂಡ ಮಾರುವ ಹೆಂಗಸು ಕೂತಿದ್ದಳು.

“ಈ ಬಟ್ಟೆ ಯಾರದಮ್ಮ?”

“ನಂದೇ. ಯಾಕೆ, ನೀವು ಕಟ್ಟುವವರ ಕಡೆಯವರಾ?”

“ಅಲ್ಲ. ಕೆಲಸ ನಡೀತಿಲ್ವಾ ಇಲ್ಲಿ?”

“ಎಂಟು ತಿಂಗಳಿಂದ ಒಂದು ಬಾಣಲೆ ಸಿಮೆಂಟು ಬಿದ್ದಿಲ್ಲ. ಆಗಾಗ ಒಬ್ಬ ಬರ್ತಾನೆ, ಬಲು ನಯವಾಗಿ ಮಾತಾಡ್ತಾನೆ. ಅಕ್ಕಾ, ಬಟ್ಟೆ ಚೆನ್ನಾಗಿ ಒಣಗ್ತಿದ್ಯಾ ಅಂತ ಕೇಳಿ ಹೋಗ್ತಾನೆ.”

ಇವಳು ಆ ಕಂಬಗಳ ಫೋಟೊ ತೆಗೆದಳು. ಒಣಗುತ್ತಿದ್ದ ಬಟ್ಟೆಯೂ ಅದರಲ್ಲಿ ಬಂತು. ಎರಡನೇ ವಿಳಾಸದಲ್ಲಿ ಹಳೆಯ ಮನೆ ಹಳೆಯದಾಗಿಯೇ ನಿಂತಿತ್ತು, ಬಾಗಿಲಿಗೆ ಜೇಡ ಬಲೆ. ಮೂರನೆಯದು ಸಿಕ್ಕಿತು: ನೆಲಮಹಡಿ, ತೊಟ್ಟಿ, ಕಿಟಕಿ, ಕಿಟಕಿಯಾಚೆ ಸೊಟ್ಟ ಟ್ಯಾಂಕು. ಖಾಲಿ ಅಡುಗೆಮನೆಯ ಮಧ್ಯೆ ನಿಂತು ಆ ತಲೆಕೆಳಗಿನ ಹೂವನ್ನು ಬೆರಳಿನಿಂದ ಮುಟ್ಟಿದಳು. ಟೈಲ್ಸು ತಣ್ಣಗಿತ್ತು. ಅಲ್ಲೇ ತೊಟ್ಟಿಯ ಕಟ್ಟೆಗೆ ಒರಗಿಕೊಂಡಳು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಮಾಲೀಕರೂ ಅಲ್ಲ, ಸಕ್ಕರೆಯೂ ಅಲ್ಲ. ಅಕ್ಕನಿಗೆ ‘ತಡಿ’ ಅಂದೆ. ಉಳಿದ ಮುನ್ನೂರು ಜನಕ್ಕೆ ಏನೂ ಅನ್ನಲಿಲ್ಲ.

ಬುಧವಾರ ಬೆಳಗ್ಗೆ ಮಾಲೀಕರ ಕೋಣೆಯ ಬಾಗಿಲು ಹಾಕಿ, ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅವರು ಒಂದೊಂದನ್ನೇ ಎತ್ತಿ ನೋಡಿದರು. ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ನೋಡಿದ್ದು ಅದೇ ಮೊದಲು.

“ನನಗೆ ಎರಡು ತಿಂಗಳ ಹಿಂದೆ ಗೊತ್ತಾಯ್ತು” ಅಂದರು. “ಕಟ್ಟುವವನೂ ಸಕ್ಕರೆಯೂ ಸೇರಿ ಮಾಡಿದ್ದು. ಮೂರು ಸಾಲ. ನಮ್ಮವರಿಗೆ ಬಡ್ಡಿ ತಪ್ಪಬಾರದು ಅಂತ ನನ್ನ ಕೈಯಿಂದ ಹಾಕ್ತಿದ್ದೀನಿ. ನನ್ನ ಫ್ಲ್ಯಾಟ್ ಮಾರಾಟಕ್ಕಿಟ್ಟಿದ್ದೀನಿ. ಮೂರು ತಿಂಗಳು ಟೈಮ್ ಸಿಕ್ಕಿದ್ರೆ ಎಲ್ಲಾ ಸರಿಮಾಡ್ತೀನಿ.”

“ಸಕ್ಕರೆ ಇನ್ನೂ ಯಾಕೆ ಇಲ್ಲೇ ಇದಾನೆ?”

“ಓಡಿಸಿದ್ರೆ ಗುಲ್ಲಾಗುತ್ತೆ. ಇದೊಂದು ಪತ್ರ, ಹಳೇ ಫೋಟೊಗಳಲ್ಲೇ ಹೋಗ್ಲಿ. ನಿಜ ಹೇಳಿದ್ರೆ ಎಲ್ಲರೂ ಒಂದೇ ದಿನ ಬಾಗಿಲಿಗೆ ಬರ್ತಾರೆ. ಆಗ ಚೆನ್ನಾಗಿರೋ ಸಾಲಗಳೂ ಹಾಳಾಗ್ತವೆ. ನಿಮ್ಮ ಟೈಲರಿಗೂ ಸಿಗಲ್ಲ, ಯಾರಿಗೂ ಸಿಗಲ್ಲ.”

ಮಾತಿನಲ್ಲಿ ಹುರುಳಿರಲಿಲ್ಲ ಎಂದೇನಲ್ಲ. ಅವರ ಕಣ್ಣಲ್ಲಿ ನೀರಿತ್ತು. ಆ ನೀರನ್ನೂ ಅವಳು ಅನುಮಾನದಿಂದಲೇ ನೋಡಿದಳು: ಜನರನ್ನು ನೆನೆದು ಬಂದದ್ದೋ, ಫ್ಲ್ಯಾಟನ್ನು ನೆನೆದು ಬಂದದ್ದೋ, ಬರೀ ಇವಳಿಗಾಗಿ ಬಂದದ್ದೋ?

“ಆಗಲ್ಲ ಸಾರ್.”

ಅವರು ಕನ್ನಡಕ ಹಾಕಿಕೊಂಡರು. ದನಿ ಒಣಗಿತ್ತು. “ನಿಮ್ಮ ಅಕ್ಕ ನಿನ್ನೆ ಬಂದು ಅವರ ದುಡ್ಡೆಲ್ಲ ವಾಪಸ್ ತಗೊಂಡು ಹೋದ್ರು. ನೀವೇ ಕಳಿಸಿರ್ಬೇಕು ಅಂದ್ಕೊಂಡು ಆಗಲೇ ಚೆಕ್ ಬರ್ಕೊಟ್ಟೆ. ನಿಜ ಹೊರಗೆ ಬಂದ್ರೆ ಇದೂ ಬರುತ್ತೆ. ನೋಡ್ಕೊಳ್ಳಿ.”

ಅದು ಬೆದರಿಕೆಯೋ ಬುದ್ಧಿಮಾತೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋದಳು. ಎರಡು ಕೋಣೆಯ ಮನೆ, ಔಷಧಿ ಡಬ್ಬಿಗಳನ್ನು ಆಸ್ಪತ್ರೆಯಲ್ಲಿದ್ದಂತೆ ಚೀಟಿ ಅಂಟಿಸಿ ಜೋಡಿಸಿದ್ದಳು. ಅಕ್ಕ ಅವಳ ಮುಖ ನೋಡಿದ ಕೂಡಲೇ, “ಗೊತ್ತಾಯ್ತಾ?” ಅಂದಳು.

“ತಡಿ ಅಂದೆ ಅಕ್ಕ. ತೆಗಿ ಅಂದ್ನಾ?”

“ನೀನು ತಡಿ ಅಂದ ದನಿ ನನಗೆ ಗೊತ್ತಿಲ್ವಾ? ಡಾಕ್ಟ್ರು ರೋಗಿ ಕಡೆಯವರಿಗೆ ಸ್ವಲ್ಪ ಹೊತ್ತು ಹೊರಗಿರಿ ಅಂತಾರಲ್ಲ, ಅದೇ ದನಿ.”

“ವಾಪಸ್ ಹಾಕು ಅಕ್ಕ. ಎಲ್ಲರೂ ನಾನೇ ತೆಗೆಸಿದೆ ಅಂತಾರೆ.”

ಅಕ್ಕ ಎದ್ದು ನೀರು ತಂದಿಟ್ಟಳು. ಕೂತಳು. “ನಿನ್ನ ಮರ್ಯಾದೆಗೆ ನನ್ನ ಮುಪ್ಪು ಅಡವಿಡ್ಬೇಕಾ? ನನಗೇನು ಮಕ್ಕಳಾ ಮರಿಯಾ? ನಾಳೆ ಮಲಗಿಬಿಟ್ರೆ ಒಂದು ಲೋಟ ನೀರು ಕೊಡೋರಿಗೆ ಕೊಡೋಕೆ ಅಷ್ಟೇ ಇರೋದು. ಹಾಕಲ್ಲ.”

ಇವಳಿಗೆ ಸಿಟ್ಟು ಬಂತು. ನೀರು ಕುಡಿಯದೆ ಎದ್ದು ಬಂದಳು.

ಮಾರನೆಯ ದಿನ ಮಾಲೀಕರಿಗೆ ಹೇಳಿಬಿಟ್ಟಳು: “ಒಂದೋ ನೀವೇ ಭಾನುವಾರ ಎಲ್ಲರನ್ನೂ ಕರೆದು ಹೇಳಿ. ಒಪ್ಪದಿದ್ರೆ, ನಾಳೆ ಶುಕ್ರವಾರ ನನ್ನ ಪತ್ರ ಅಂಚೆಗೆ ಬೀಳುತ್ತೆ. ವಿಳಾಸದ ಪಟ್ಟಿ ನನ್ನ ಹತ್ರ ಇದೆ.” ಅವರು ಕಿಟಕಿಯಾಚೆ ನೋಡುತ್ತ, “ಶಾಲೆ ಹಾಲ್ ಬಾಡಿಗೆಗೆ ಹಿಡಿಯಿರಿ” ಅಂದರು. ಇಷ್ಟು ಸುಲಭವಾಗಿ ಒಪ್ಪಿದ್ದೇ ಅವಳಿಗೆ ಸರಿಕಾಣಲಿಲ್ಲ. ಓಡಿಹೋಗುವ ಹುನ್ನಾರವಿರಬೇಕು. ಗಂಡನನ್ನು ಕಾಡಿ ಬೇಡಿ, ಮಾಲೀಕರ ಫ್ಲ್ಯಾಟಿರುವ ಕಟ್ಟಡದ ಲಿಫ್ಟು ಪರೀಕ್ಷಿಸುವ ನೆಪದಲ್ಲಿ ಎರಡು ಹಗಲು ಅಲ್ಲೇ ಕೂರಿಸಿದಳು. ಅವನು ಹಲ್ಲು ಕಡಿದುಕೊಂಡು ಹೋಗಿ, ಆರೋಗ್ಯವಾಗಿದ್ದ ಲಿಫ್ಟಿಗೆ ಎರಡು ದಿನ ಎಣ್ಣೆ ಬಿಟ್ಟ. ಶನಿವಾರ ಸಂಜೆ ಮಾಲೀಕರು ಅದೇ ಲಿಫ್ಟಿನಲ್ಲಿ ಕೆಳಗಿಳಿದು ಬಂದು, ಅವನ ಪಕ್ಕದಲ್ಲಿ ನಿಂತು ಕೇಳಿದರಂತೆ: “ಲಿಫ್ಟಿಗೇನೂ ಆಗಿಲ್ಲ ಅಲ್ವಾ? ನಿಮ್ಮ ಮನೆಯವರಿಗೆ ಹೇಳಿ, ನಾನೂ ಎಲ್ಲಿಗೂ ಹೋಗಲ್ಲ.” ಗಂಡ ಮನೆಗೆ ಬಂದು ಇದನ್ನು ಹೇಳಿ, “ಇನ್ನೊಂದು ಸಲ ನನ್ನನ್ನ ಪತ್ತೇದಾರಿಗೆ ಕಳಿಸ್ಬೇಡ” ಎಂದು ಕೈ ಮುಗಿದ.

ಪತ್ರವನ್ನು ಅವಳು ಮೊದಲೇ ಬರೆದಿಟ್ಟಿದ್ದಳು. ಹನ್ನೆರಡು ಕಂಬಗಳ ಫೋಟೊ, ಒಣಗುವ ಬಟ್ಟೆ ಸಮೇತ. ಕೆಳಗೆ ತಾರೀಖು. ಮೂರು ಸಾಲಕ್ಕೆ ಒಂದೇ ಅಡುಗೆಮನೆ ಹೇಗೆ ಬಂತು, ತಾನು ಅದನ್ನು ಹೇಗೆ ನೋಡದೆ ಹೋದೆ ಎಂಬುದು. ಕೊನೆಯ ಸಾಲುಗಳಲ್ಲಿ ಅಕ್ಕನ ವಿಷಯ. ಗಂಡ ಓದಿ, “ಇದನ್ನ ಹಾಕ್ಲೇಬೇಕಾ?” ಅಂದ.

“ಬೇರೆಯವರ ಬಾಯಿಂದ ಬಂದ್ರೆ ಕಳ್ಳತನ ಆಗುತ್ತೆ. ನನ್ನ ಬಾಯಿಂದ ಬಂದ್ರೆ ಬರೀ ನಾಚಿಕೆ.”

ಭಾನುವಾರ ಶಾಲೆಯ ಹಾಲಿನಲ್ಲಿ ಮಕ್ಕಳ ಗಾತ್ರದ ಬೆಂಚುಗಳ ಮೇಲೆ ಇನ್ನೂರಕ್ಕೂ ಹೆಚ್ಚು ಜನ ಮಂಡಿ ಮಡಿಚಿ ಕೂತಿದ್ದರು. ಸಕ್ಕರೆ ಬರಲಿಲ್ಲ, ಅವನ ಫೋನು ಬೆಳಗ್ಗೆಯೇ ಸತ್ತಿತ್ತು. ಮಾಲೀಕರು ಎದ್ದು ನಿಂತು ಎರಡು ವಾಕ್ಯ ಹೇಳುವುದರೊಳಗೆ ಗದ್ದಲ ಎದ್ದಿತು. ಇವಳು ವೇದಿಕೆಗೆ ಹತ್ತಿ ಪತ್ರವನ್ನು ಓದಿದಳು. ಅಕ್ಕನ ಸಾಲಿಗೆ ಬಂದಾಗ ನಿಲ್ಲಿಸಿದಳು. ನೀರು ಕುಡಿದು ಮತ್ತೆ ಓದಿದಳು.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು, ನಿವೃತ್ತ ಭೂಗೋಳದ ಟೀಚರು. “ಅಂದ್ರೆ ನಿಮ್ಮ ಅಕ್ಕನಿಗೆ ನಮಗಿಂತ ಮೊದಲು ಗೊತ್ತಾಯ್ತು.”

“ನಾನು ತಡಿ ಅಂದೆ. ಅವಳು ಅರ್ಥ ಮಾಡ್ಕೊಂಡ್ಳು. ಹೌದು, ನಿಮಗಿಂತ ಮೊದಲು.”

“ನೀವೂ ಅವರ ಜೊತೆ ಸೇರಿಲ್ಲ ಅಂತ ನಾವು ಹೇಗೆ ನಂಬೋದು?”

“ನಂಬಬೇಡಿ” ಅಂದಳು. “ನಾನೇ ನಿಮ್ಮ ಜಾಗದಲ್ಲಿದ್ದಿದ್ರೆ ನಂಬ್ತಿರ್ಲಿಲ್ಲ.”

ಯಾರೋ ಬೆಂಚು ಒದ್ದರು. ಯಾರೋ ಬೈದರು, ಕಿವಿಯಲ್ಲಿ ಕೇಳಲಾಗದಂಥ ಬೈಗುಳ. ಟೈಲರು ಮಾತ್ರ ಬೈಯಲಿಲ್ಲ. ಹೊರಗೆ ಹೋಗುವಾಗ ಅವಳ ಹತ್ತಿರ ನಿಂತು ಮೆಲ್ಲಗೆ ಹೇಳಿದರು: “ಮುಳುಗೋ ದಾರಿ ಆರು ಬರೆದಿದ್ರಿ. ನಿಮ್ಮವರೇ ಮುಳುಗಿಸ್ತಾರೆ ಅನ್ನೋದು ಅದರಲ್ಲಿ ಇರ್ಲಿಲ್ಲ.” ಬೈಗುಳಗಳನ್ನೆಲ್ಲ ಅವಳು ಒಂದು ವಾರದಲ್ಲಿ ಮರೆತಳು. ಈ ಮಾತು ಮರೆಯಲಿಲ್ಲ.

ಮರುದಿನ ಬಾಗಿಲಿಗೆ ಜನ ಬಂದರು, ಮಾಲೀಕರು ಹೆದರಿದಷ್ಟು ಅಲ್ಲದಿದ್ದರೂ ಬಂದರು. ಪೊಲೀಸರು ಬಂದು ಇವಳನ್ನು ಮೂರು ಸಲ ಕರೆಸಿ, ಕೇಳಿದ್ದನ್ನೇ ಕೇಳಿದರು. ದುಡ್ಡು ಹಾಕಿದವರು ಒಂದು ಸಮಿತಿ ಮಾಡಿಕೊಂಡರು. ಅದರಲ್ಲಿ ಭೂಗೋಳದ ಟೀಚರೂ ಬೇಕರಿಯವರೊಬ್ಬರೂ ಮುಂದಾಳುಗಳು. ಇವಳು ರಾಜೀನಾಮೆ ಬರೆದು ಕೊಟ್ಟಾಗ ಟೀಚರು ಅದನ್ನು ಮಡಿಚಿ ವಾಪಸ್ ಕೊಟ್ಟರು.

“ನಮಗೆ ನಿಮ್ಮ ಮೇಲೆ ನಂಬಿಕೆ ಬಂದಿದೆ ಅಂತ ತಿಳ್ಕೋಬೇಡಿ. ಆದ್ರೆ ಯಾವ ಮನೆ ಎಲ್ಲಿದೆ ಅಂತ ಗೊತ್ತಿರೋರು ನೀವೊಬ್ರೇ. ನೀವು ಫೋಟೊ ತೆಗೀರಿ, ಪತ್ರ ಬರೀರಿ. ಪ್ರತಿ ಸಲ ನಮ್ಮಲ್ಲಿ ಇಬ್ಬರು ಜೊತೆಗೆ ಬರ್ತೀವಿ. ಮೂರು ರುಜು ಬೀಳ್ಬೇಕು.”

ಹಾಗೆ ಎರಡು ವರ್ಷ ನಡೆಯಿತು. ಬೇಕರಿಯವರ ಹಿಟ್ಟು ಮೆತ್ತಿದ ವ್ಯಾನಿನಲ್ಲಿ ಮೂವರೂ ಮನೆಯಿಂದ ಮನೆಗೆ ಹೋಗುತ್ತಿದ್ದರು. ಟೀಚರು ದಿಕ್ಸೂಚಿ ಹಿಡಿದು, ಕಿಟಕಿ ಯಾವ ದಿಕ್ಕಿಗಿದೆ ಎಂದು ಫೋಟೊದ ಹಿಂದೆ ಬರೆಯುತ್ತಿದ್ದರು. ಬೇಕರಿಯವರು ಗೋಡೆ ತಟ್ಟಿ ನೋಡುತ್ತಿದ್ದರು, ಬ್ರೆಡ್ಡು ಬೆಂದಿದೆಯೋ ಇಲ್ಲವೋ ನೋಡುವವರ ಹಾಗೆ. ಇವಳು ಹೇಳಿದ ಒಂದನ್ನೂ ಇಬ್ಬರೂ ಸುಮ್ಮನೆ ಒಪ್ಪುತ್ತಿರಲಿಲ್ಲ. ಮೊದಮೊದಲು ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಬರಬರುತ್ತ ಅದೇ ಹಿತವೆನಿಸತೊಡಗಿತು. ಒಂಬತ್ತು ವರ್ಷ ಜನ ತನ್ನ ಮಾತನ್ನು ಕಣ್ಣುಮುಚ್ಚಿ ನುಂಗಿದ್ದೇ ತಪ್ಪಾಯಿತೇನೋ ಎಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಯೋಚಿಸುತ್ತಿದ್ದಳು.

ಒಳ್ಳೆಯ ಸಾಲಗಳು ಒಂದೊಂದಾಗಿ ತೀರಿದವು. ಮಾಲೀಕರ ಫ್ಲ್ಯಾಟು ಮಾರಾಟವಾಗಿ ಅದೂ ಸಮಿತಿಗೆ ಸೇರಿತು. ಸಕ್ಕರೆ ಐದು ತಿಂಗಳ ಮೇಲೆ ಸಿಕ್ಕಿಬಿದ್ದ. ಬೇಡಿ ತೊಡಿಸುವಾಗ ಪೊಲೀಸಿನವನಿಗೂ ‘ಅಣ್ಣಾ, ನಿಮ್ಮ ಕೆಲಸ ಬಹಳ ಕಷ್ಟ’ ಅಂದನಂತೆ. ಕೇಸು ಇನ್ನೂ ನಡೆಯುತ್ತಿದೆ. ಜನರಿಗೆ ಹಾಕಿದ್ದರಲ್ಲಿ ಐದರಲ್ಲಿ ನಾಲ್ಕು ಪಾಲು ವಾಪಸ್ ಬಂತು. ಟೈಲರು ತಮ್ಮ ಪಾಲು ತೆಗೆದುಕೊಂಡು ರುಜು ಮಾಡಿದರು, ಇವಳ ಕಡೆ ನೋಡಲಿಲ್ಲ. ಮಾಲೀಕರು ಈಗ ಯಾರದೋ ಬಣ್ಣದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವತ್ತು ಅವರು ಕೇಳಿದ ಮೂರು ತಿಂಗಳು ಕೊಟ್ಟಿದ್ದರೆ ನಿಜಕ್ಕೂ ಸರಿಮಾಡುತ್ತಿದ್ದರೇ, ಇಲ್ಲ ಎಲ್ಲರ ಕಿವಿಗೂ ಹೂ ಇಡುತ್ತಿದ್ದರೇ? ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ನಿಲ್ಲುತ್ತಾಳೆ, ಒಳಗೆ ಹೋಗುವುದಿಲ್ಲ.

ಅಕ್ಕ ಹದಿನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ದುಡ್ಡಿನ ವಿಷಯಕ್ಕಲ್ಲ, ತನ್ನ ವಿಷಯವನ್ನು ಇನ್ನೂರು ಜನರ ಮುಂದೆ ಓದಿದ್ದಕ್ಕೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಮಂಡಿಗೆ ಹಚ್ಚುವ ಮುಲಾಮು.

“ನಿನ್ನ ಗಂಡ ಹೇಳ್ದ, ಮೆಟ್ಟಿಲು ಹತ್ತೋಕೆ ಕಷ್ಟಪಡ್ತಿದ್ಯಂತೆ. ಕಾಲು ಚಾಚು.”

ಇವಳು ಸೋಫಾದ ಮೇಲೆ ಕಾಲು ಚಾಚಿದಳು. ಅಕ್ಕ ನೆಲದ ಮೇಲೆ ಕೂತು, ನರ್ಸಿನ ಗಟ್ಟಿ ಬೆರಳುಗಳಿಂದ ಮಂಡಿ ನೀವತೊಡಗಿದಳು. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತದೆ ಕೇಳಿದಳು: “ನಾನು ಮಾಡಿದ್ದು ತಪ್ಪಾ?”

“ಗೊತ್ತಿಲ್ಲ ಅಕ್ಕ. ನಿನ್ನ ಜಾಗದಲ್ಲಿ ನಾನೂ ಅದನ್ನೇ ಮಾಡ್ತಿದ್ನೇನೋ.”

“ನೀನು ಮಾಡ್ತಿರ್ಲಿಲ್ಲ” ಅಂದಳು ಅಕ್ಕ. ಆ ಮಾತಿನಲ್ಲಿ ಮೆಚ್ಚುಗೆಯಿತ್ತೋ, ಬೇಸರವಿತ್ತೋ. ಇವಳು ಬಾಯಿ ತೆರೆದು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಅಕ್ಕ, “ಇನ್ನೊಂದು ಕಾಲು” ಅಂದಳು. ಇವಳು ಕಾಲು ಬದಲಾಯಿಸಿದಳು.